ಎರವಲು ಏಣಿಗೊಂದು ಶಾಲು

ಮಂಚೇನಹಳ್ಳಿ ಬಿಟ್ಟದ್ದು

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಥೆ ಹೇಳುತ್ತಾರೆ. ನಾನು ಹೇಳುವುದಿಲ್ಲ. ವಿಮಾನದಲ್ಲಿ ನಮ್ಮ ಯಜಮಾನರು ಕಿಟಕಿಯ ಪಕ್ಕ ಕೂತು ಗೊರಕೆ ಹೊಡೆದರು, ನಾನು ಪಕ್ಕದಲ್ಲಿ ಕೂತು ಅದನ್ನು ಕೇಳಿದೆ, ಅಷ್ಟೆ. ಈ ಅನುಭವ ನನಗೆ ಗೌರಿಬಿದನೂರಿನ ಬಸ್ಸಿನಲ್ಲೂ ಎಷ್ಟೋ ಸಲ ಆಗಿದೆ.

ಯಜಮಾನರ ಹೆಸರು ಮುನಿರಾಜಪ್ಪ. ಗಂಡನ ಹೆಸರು ಹಿಡಿದು ಕರೆಯಬಾರದು ಎಂದು ನಮ್ಮತ್ತೆ ಹೇಳಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಮಂಚೇನಹಳ್ಳಿಯಲ್ಲಿ ನಮ್ಮದು ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ನಾನು ಮೇಲೂರಿನ ರೇಷ್ಮೆ ಕೆಲಸದವರ ಮನೆಯ ಮಗಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ನಮ್ಮವರಿಗೆ ಅಂಗಡಿಗಿಂತ ನಾಟಕದ ಮೇಲೆ ಪ್ರೀತಿ ಹೆಚ್ಚು. ಸುತ್ತಮುತ್ತ ಎಲ್ಲಿ ಪೌರಾಣಿಕ ನಾಟಕವಾದರೂ ಗದೆ ಹಿಡಿಯುವ ಪಾತ್ರ ಇವರದೇ. ಹೊಟ್ಟೆಯಿದ್ದದ್ದಕ್ಕೆ ಪಾತ್ರ ಬಂತೋ, ಪಾತ್ರಕ್ಕಾಗಿ ಹೊಟ್ಟೆ ಬಂತೋ, ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಇವರು ಚಿಕ್ಕಬಳ್ಳಾಪುರದ ಒಂದು ಸೇವಾ ಕ್ಲಬ್ಬಿನ ಸದಸ್ಯರು. ಸ್ಕಾಟ್ಲೆಂಡಿನ ಒಂದು ಪುಟ್ಟ ಕಡಲೂರಿನ ಕ್ಲಬ್ಬಿಗೂ ಇವರ ಕ್ಲಬ್ಬಿಗೂ ಅದು ಹೇಗೋ ನೆಂಟಸ್ತನ ಬೆಳೆದಿತ್ತು. ಒಂದು ವರ್ಷ ಅವರು ಬಂದು ನಮ್ಮ ಮನೆಗಳಲ್ಲಿ ಉಳಿದು, ನಮ್ಮ ಸಾರು ಉಂಡು, ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಹೋಗಿದ್ದರು. ಎರಡು ಸಾವಿರದ ಆರರಲ್ಲಿ, ಅಂದರೆ ನಾವಿನ್ನೂ ಕೋಲಾರ ಜಿಲ್ಲೆಯವರಾಗಿದ್ದಾಗ, ಅವರ ಮನೆಗಳಿಗೆ ಹೋಗಿ ಉಳಿಯುವ ಸರದಿ ನಮ್ಮದಾಯಿತು. ಶಿಡ್ಲಘಟ್ಟದ ವಕೀಲರೊಬ್ಬರು, ಚಿಂತಾಮಣಿಯ ಡಾಕ್ಟರೊಬ್ಬರು ತಮ್ಮ ತಮ್ಮ ಹೆಂಡತಿಯರ ಜೊತೆ ಹೊರಟರು. ಅವರಿಗೆ ಅಲ್ಲಿ ಹೂದೋಟವಿರುವ ದೊಡ್ಡ ಮನೆಗಳು ಸಿಕ್ಕವು. ನಮಗೆ ಸಿಕ್ಕಿದ್ದು ಜೀನ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆ.

ಹೊರಡುವಾಗ ನಮ್ಮವರು ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಶಾಲುಗಳನ್ನು ತುಂಬಿದರು.

"ಇಷ್ಟು ಶಾಲು ಯಾರಿಗ್ರೀ?" ಎಂದೆ.

"ಯಾರಿಗ್ ಯಾವಾಗ ಸನ್ಮಾನ ಮಾಡ್ಬೇಕಾಗ್ತದೋ ಹೇಳಕ್ಕಾಗಲ್ಲ ಕಣೇ. ಇರ್ಲಿ ಒಂದೆರಡು ಜಾಸ್ತೀನೇ" ಎಂದರು.

ರಾಗಿಹಿಟ್ಟಿಗೆ ಜಾಗವಿಲ್ಲವೆಂದು ಅದನ್ನು ನನ್ನ ಸೀರೆಗಳ ಮಧ್ಯೆ ಇಟ್ಟರು. ಆ ಪ್ರವಾಸವಿಡೀ ನಾನು ಕೊಡವಿದಲ್ಲೆಲ್ಲ ಹಿಟ್ಟು ಉದುರುತ್ತಿತ್ತು.

ಕಡಲ ಕಡೆ ಮುಖ ಮಾಡಿದ ಕಾರುಗಳು

ಜೀನ್ ನಮ್ಮನ್ನು ಕರೆದೊಯ್ಯಲು ರೈಲು ನಿಲ್ದಾಣಕ್ಕೆ ಬಂದಿದ್ದರು. ತೆಳ್ಳಗೆ, ಎತ್ತರಕ್ಕೆ, ಜೂನ್ ತಿಂಗಳಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕೋಟು. "ಜೀನ್ ಅನ್ನಿ ಸಾಕು" ಎಂದರು. ತಾಯಿಯ ವಯಸ್ಸಿನವರನ್ನು ಬರೀ ಹೆಸರಿಂದ ಕರೆಯಲು ನನಗೆ ಬಾಯಿ ಬರಲಿಲ್ಲ. ಎರಡು ಸಲ ನುಂಗಿಕೊಂಡು ಮೂರನೇ ಸಲ "ಜೀನಮ್ಮ" ಎಂದೆ. ಅವರಿಗೆ ಅದು ಹಿಡಿಸಿತು. ಸಂಜೆಯೊಳಗೆ ಪಕ್ಕದ ಮನೆಯವರಿಗೆ ಫೋನು ಮಾಡಿ "ನನಗೊಂದು ಹೊಸ ಹೆಸರು ಬಂದಿದೆ" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು.

ಮರುದಿನ ನಮಗೆ ಕಡಲು ತೋರಿಸುತ್ತೇನೆಂದು ಕಾರು ತೆಗೆದರು. ನಾವು ಬಯಲುಸೀಮೆಯವರು. ನೀರು ಅಂದರೆ ಕೆರೆ, ಅದೂ ತುಂಬಿದ ವರ್ಷ. ನಮ್ಮವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ ತಯಾರಾಗಿ ಕೂತರು. ಜೀನಮ್ಮ ಕಡಲ ದಂಡೆಯಲ್ಲಿ, ನೀರಿಗೆ ಎದುರಾಗಿ ಕಾರು ನಿಲ್ಲಿಸಿದರು. ಫ್ಲಾಸ್ಕು ತೆಗೆದರು. ಮೂವರಿಗೂ ಟೀ ಹಾಕಿದರು. ನಾವು ಕುಡಿದು ಮುಗಿಸಿ, ಇನ್ನೇನು ಇಳಿಯುತ್ತೇವೆಂದು ಕಾದೆವು. ಅವರು ಇಳಿಯಲಿಲ್ಲ. ಎಡಕ್ಕೆ ನೋಡಿದರೆ ಇನ್ನೊಂದು ಕಾರು, ಅದರೊಳಗೂ ಇಬ್ಬರು ಮುದುಕರು, ಅವರ ಕೈಯಲ್ಲೂ ಟೀ. ಬಲಕ್ಕೂ ಹಾಗೇ. ದಂಡೆಯುದ್ದಕ್ಕೂ ಕಾರುಗಳು ಕಡಲನ್ನು ನೋಡುತ್ತ ನಿಂತಿವೆ, ಒಬ್ಬರೂ ಬಾಗಿಲು ತೆಗೆಯುತ್ತಿಲ್ಲ.

"ಇಳಿಯಲ್ವಂತಾ?" ನಮ್ಮವರು ನನ್ನನ್ನು ಕೇಳಿದರು. ನಾನು ಜೀನಮ್ಮನನ್ನು ಕೇಳಿದೆ.

"ಹೊರಗೆ ಗಾಳಿ ಇದೆಯಲ್ಲ" ಎಂದರು ಅವರು.

ಕಡಲ ಹತ್ತಿರ ಗಾಳಿ ಇರದೆ ಮತ್ತೇನು ಇರುತ್ತದೆ? ಬಸ್ಸು ಮಾಡಿಕೊಂಡು ನಂದಿ ಬೆಟ್ಟಕ್ಕೆ ಹೋಗಿ, ಬಸ್ಸಿನಲ್ಲೇ ಕೂತು ಪುಳಿಯೋಗರೆ ತಿಂದು ವಾಪಸು ಬಂದಂತಾಯಿತು. ಆಮೇಲೆ ನನಗೆ ಅರ್ಥವಾಯಿತು, ಆ ಊರಿನವರ ರೀತಿಯೇ ಹಾಗೆ. ಪ್ರೀತಿ ಇರುತ್ತದೆ. ದಿನಾ ಬಂದು ನೋಡುತ್ತಾರೆ. ನಡುವೆ ಒಂದು ಗಾಜು ಇರಬೇಕು.

ಊಟ ಸಂಜೆ ಆರಕ್ಕೆ. ಸೂರ್ಯ ನಡುಮಧ್ಯಾಹ್ನದ ಹಾಗೆ ಉರಿಯುತ್ತಿರುತ್ತಾನೆ, ನಮಗೆ ರಾತ್ರಿಯೂಟ. ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಮತ್ತೊಂದು ರೀತಿ ಬೇಯಿಸಿದ ಆಲೂಗಡ್ಡೆ. ನಮ್ಮವರು ಅಂಗಡಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರುವವರು. ಜೀನಮ್ಮನ ಜೊತೆ ತಳಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಇವರ ಇಂಗ್ಲಿಷು ಅವರಿಗೆ ತಿಳಿಯದು, ಅವರ ಇಂಗ್ಲಿಷು ಇವರಿಗೆ ತಿಳಿಯದು, ಇಬ್ಬರ ಇಂಗ್ಲಿಷೂ ಇಂಗ್ಲಿಷ್ ಮೇಡಂ ಆದ ನನಗೆ ಅರ್ಧ ತಿಳಿಯದು. ಆದರೂ ಮಾತು ನಿಲ್ಲಲಿಲ್ಲ.

ಎರವಲು ಏಣಿಗಳು

ಆ ಮನೆಯ ಮಹಡಿಯ ಮೇಲೆ ಒಬ್ಬ ಮಗ ಇದ್ದಾನೆಂದು ನಮಗೆ ತಿಳಿದದ್ದು ಎರಡನೆಯ ದಿನ. ಹೆಸರು ನೀಲ್. ನಲವತ್ತರ ಆಸುಪಾಸು, ಮೊಣಕೈ ಹತ್ತಿರ ತೂತಾದ ಸ್ವೆಟರು, ಕನ್ನಡಕ. ಊರಿನ ಗ್ರಂಥಾಲಯದಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಬೇಡಿ ಎಂದು ಶಿಡ್ಲಘಟ್ಟದ ವಕೀಲರ ಹೆಂಡತಿ ನನಗೆ ಮೊದಲೇ ಹೇಳಿಕೊಟ್ಟಿದ್ದರಿಂದ ಬಹಳ ಕಷ್ಟಪಟ್ಟು ಸುಮ್ಮನಿದ್ದೆ.

"ಇವನು ಹಾಡುತ್ತಾನಂತೆ" ಎಂದರು ಜೀನಮ್ಮ, ಪಾತ್ರೆ ಒರೆಸುತ್ತ. ಒಂದೇ ಮನೆಯಲ್ಲಿರುವ ಮಗನ ವಿಷಯವನ್ನು ತಾಯಿ ಯಾರೋ ಹೇಳಿದ ಸುದ್ದಿಯಂತೆ ಹೇಳಿದ್ದು ನನಗೆ ವಿಚಿತ್ರವೆನಿಸಿತು.

ನೀಲ್ ಹಾಡುವುದಷ್ಟೇ ಅಲ್ಲ, ಹಾಡು ಕಟ್ಟುತ್ತಾನೆ. ಎರಡು ದಿನಕ್ಕೊಂದು. ಅವನ ತಂಡದ ಹೆಸರು ‘ಬಾರೋಡ್ ಲ್ಯಾಡರ್ಸ್’. ಕನ್ನಡದಲ್ಲಿ ಹೇಳುವುದಾದರೆ ಎರವಲು ಏಣಿಗಳು. ಮಿಕ್ಕ ಏಣಿಗಳೆಲ್ಲಿ ಎಂದು ಕೇಳಿದೆ. ಯಾರೂ ಇಲ್ಲ, ಅವನೊಬ್ಬನೇ.

"ಒಬ್ಬನೇ ಅಂತ ಹೇಳಿದ್ರೆ ಜನ ಪಾಪ ಅಂತಾರೆ" ಎಂದ ನೀಲ್.

ನಮ್ಮಲ್ಲಿ ದೊಡ್ಡವರಿಗೆ ಬೇರೆಯವರು ಬಹುವಚನ ಕೊಡುತ್ತಾರೆ, ಇವನು ತನಗೆ ತಾನೇ ಕೊಟ್ಟುಕೊಂಡಿದ್ದ.

ಅಡುಗೆಮನೆಯ ಪಕ್ಕ ಒಂದು ಪುಟ್ಟ ಉಗ್ರಾಣ. ಜಾಮಿನ ಬಾಟಲಿಗಳ ಮಧ್ಯೆ ಒಂದು ಹಳೇ ಟೇಪ್ ರೆಕಾರ್ಡರು. ಅದರ ಕೆಂಪು ಗುಂಡಿ ಒತ್ತಿದರೆ ಒತ್ತಿದಂತೆ ನಿಲ್ಲುವುದಿಲ್ಲವೆಂದು ರಬ್ಬರ್ ಬ್ಯಾಂಡ್ ಕಟ್ಟಿದ್ದ. ಅದರ ಮುಂದೆ ಕೂತು ಗಿಟಾರು ಹಿಡಿದು ಒಂದು ಸಲ ಹಾಡುವುದು. ಹಾಡಿನ ಜೊತೆಗೆ ಟೇಪಿನ ಮೋಟಾರಿನ ಜುಂಯ್ ಎನ್ನುವ ಸದ್ದೂ, ಹೊರಗೆ ಕಡಲಹಕ್ಕಿ ಕಿರುಚಿದರೆ ಅದೂ ದಾಖಲಾಗುತ್ತದೆ. ಅದನ್ನೇ ಕ್ಯಾಸೆಟ್ಟುಗಳಿಗೆ ಇಳಿಸಿ, ಕೈಯಲ್ಲೇ ಚಿತ್ರ ಬರೆದು, ಕೇಳಿದವರಿಗೆ ಟಪಾಲಿನಲ್ಲಿ ಕಳಿಸುತ್ತಿದ್ದ. ಜಪಾನಿನಿಂದ ಕಾಗದ ಬರುತ್ತಿತ್ತು. ಪಕ್ಕದ ಬೀದಿಯಿಂದ ಬರುತ್ತಿರಲಿಲ್ಲ.

ನಮ್ಮವರಿಗೆ ಒಂದು ಕ್ಯಾಸೆಟ್ಟು ಹಾಕಿ ಕೇಳಿಸಿದ. ಸೋತು ಓಡಿಹೋಗುವ ರಾಜನೊಬ್ಬ, ಗ್ರಂಥಾಲಯದ ಪುಸ್ತಕ ವಾಪಸು ಕೊಟ್ಟಿಲ್ಲವೆಂದು ಅರ್ಧದಾರಿಯಲ್ಲಿ ನೆನೆದು ಹಿಂದಿರುಗಿ ಸಿಕ್ಕಿಬೀಳುವ ಹಾಡು. ಇನ್ನೊಂದರಲ್ಲಿ ಒಬ್ಬ ಪಾದ್ರಿ. ಪಾಚಿಗಳಿಗೆಲ್ಲ ಲ್ಯಾಟಿನ್ ಹೆಸರಿಡುತ್ತ ಇಡುತ್ತ ಹೆಂಡತಿಯ ಹೆಸರನ್ನೇ ಮರೆತುಬಿಡುತ್ತಾನೆ. ಪದಗಳೋ, ಡಿಕ್ಷನರಿ ಇಲ್ಲದೆ ನಡೆಯದು. ನಾನು ಅರ್ಥ ಬಿಡಿಸಿ ಹೇಳಲು ಹೊರಟರೆ ನಮ್ಮವರು ಕೈಯೆತ್ತಿ ತಡೆದರು.

"ಸುಮ್ಕಿರು. ನಮ್ಮ ಕಂದಪದ್ಯ ಇದ್ದಂಗೇ ಐತೆ. ಒಂದಕ್ಷರ ತಿಳಿಯಲ್ಲ, ಎದೆಗೆ ಮಾತ್ರ ನಾಟ್ತದೆ. ಸೌಂಡೂ ಅಷ್ಟೇ. ಜನರೇಟರ್ ಸದ್ದಿಲ್ದಿರೋದೂ ಒಂದು ನಾಟಕಾನ?"

ಅವರ ಮಾತು ನಿಜ. ಇವರ ಗದೆಯ ಪಾತ್ರದ ಕ್ಯಾಸೆಟ್ಟೊಂದು ನಮ್ಮ ಮನೆಯಲ್ಲಿದೆ. ರಂಗದ ಅಂಚಿಗೆ ಟೇಪ್ ರೆಕಾರ್ಡರಿಟ್ಟು ತೆಗೆದದ್ದು. ಹಾಡು ಕಾಲುಭಾಗ, ನಾಯಿ, ಜನರೇಟರು, ಕಡಲೇಕಾಯಿ ಮಾರುವವನು ಮುಕ್ಕಾಲು ಭಾಗ. ದೊಡ್ಡ ಕಂಪನಿಗಳ ನಯವಾದ ಕ್ಯಾಸೆಟ್ಟುಗಳು ಎಷ್ಟಿದ್ದರೂ ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಅದೇ.

ಆದರೆ ನೀಲ್‌ನದೊಂದು ಹಠವಿತ್ತು. ಹಾಡಿದ ಹಾಡನ್ನು ಮತ್ತೆ ಹಾಡುವುದಿಲ್ಲ. ಟೇಪಿನಲ್ಲಿ ಒಂದು ಸಲ, ಸಭೆಯಲ್ಲಾದರೆ ಒಂದು ಸಲ, ಮುಗಿಯಿತು.

"ನಿನ್ನೆಯ ಅಡುಗೆ ಬಿಸಿ ಮಾಡಿ ಬಡಿಸೋದು ನನಗೆ ಇಷ್ಟ ಇಲ್ಲ" ಎಂದ.

ಬಸ್ಸಾರು ಮಾಡಿದ ದಿನಕ್ಕಿಂತ ಮರುದಿನವೇ ರುಚಿ ಎನ್ನುವುದನ್ನು ನಾನು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಪಾಪ, ಗಮನವಿಟ್ಟು ಕೇಳಿದ. ಒಪ್ಪಲಿಲ್ಲ.

ಈ ಹಠದಿಂದ ಮಾರನೆಯ ಬೆಳಗ್ಗೆಯೇ ಒಂದು ಅನಾಹುತವಾಯಿತು. ಉಗ್ರಾಣದ ಗೋಡೆಯ ಆಚೆಗೆ ಬಚ್ಚಲು. ನಮ್ಮವರು ಬೆಳಗ್ಗೆ ನಾಲಗೆ ಉಜ್ಜಿ ಗಂಟಲು ಸ್ವಚ್ಛ ಮಾಡುವ ಸದ್ದು ಮಂಚೇನಹಳ್ಳಿಯಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಆ ಹೊತ್ತಿಗೆ ಸರಿಯಾಗಿ ನೀಲ್ ಒಬ್ಬ ಮುದಿ ಬಿಷಪ್ಪನ ಕೊನೆಯ ಪ್ರಾರ್ಥನೆಯ ಹಾಡನ್ನು ಹಾಡುತ್ತಿದ್ದ. ಹಾಡು ಮೆತ್ತಗೆ ಇಳಿದು, ಬಿಷಪ್ಪ ದೇವರನ್ನು "ಇದ್ದೀಯಾ?" ಎಂದು ಕೇಳಿ ಸುಮ್ಮನಾಗುತ್ತಾನೆ. ಆಗ ಗೋಡೆಯಾಚೆಯಿಂದ "ಆಕ್ ಥೂ" ಎಂದು ಉತ್ತರ ಬಂತು. ನಾಚಿಕೆಯಿಂದ ನಾನು ಕ್ಷಮೆ ಕೇಳಿ, ಇನ್ನೊಂದು ಸಲ ಹಾಡಿ ಎಂದು ಬೇಡಿಕೊಂಡೆ. ಅವನು ಆಗುವುದಿಲ್ಲ ಎಂದ. ಅದನ್ನೇ ಕ್ಯಾಸೆಟ್ಟು ಮಾಡಿದ. ಜಪಾನಿನಲ್ಲಿ ಈಗಲೂ ಯಾರೋ ಕಣ್ಣುಮುಚ್ಚಿ ನಮ್ಮ ಯಜಮಾನರ ಗಂಟಲನ್ನು ಕೇಳುತ್ತಿರಬೇಕು.

ಗುರುವಾರ, ಮುದ್ದೆಯ ದಿನ

ಗುರುವಾರ ನಾನು ಜೀನಮ್ಮನ ಅಡುಗೆಮನೆಯಲ್ಲಿ ಮುದ್ದೆ ಮಾಡಿದೆ. ಕೋಲು ಏನು ಮಾಡುವುದೆಂದು ಯೋಚಿಸುತ್ತಿದ್ದರೆ ಅವರೇ ಒಂದು ಕೋಲು ತೆಗೆದುಕೊಟ್ಟರು. ಅವರ ಓಟ್ಸ್ ಗಂಜಿ ತಿರುವುವ ಕೋಲು, ನಮ್ಮ ಮುದ್ದೆ ಕೋಲಿನ ತಂಗಿ. ನಾನು ಹಿಟ್ಟು ಗೂರಾಡುತ್ತಿದ್ದೆ, ಅವರು ಪಕ್ಕದಲ್ಲಿ ಆಲೂಗಡ್ಡೆ ಹಿಡಿದು ನಿಂತಿದ್ದರು.

"ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ನೀಲ್ ಹಾಡುತ್ತಾನಲ್ಲ, ನಮ್ಮನ್ನೂ ಕರೆದಿದ್ದಾನೆ. ನೀವೂ ಬರ್ತೀರಲ್ಲ?" ಎಂದೆ.

ಅವರು ಕೈಯಲ್ಲಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟರು. "ನಾನು ಹೋಗುವುದಿಲ್ಲ. ಯಾವತ್ತೂ ಹೋಗಿಲ್ಲ."

ಯಾಕೆ ಎಂದು ಕೇಳಬಾರದು ಎನ್ನುವ ವಕೀಲರ ಹೆಂಡತಿಯ ಉಪದೇಶವನ್ನು ನಾನು ಅಲ್ಲಿಗೆ ಮುದ್ದೆಯ ಜೊತೆ ಗೂರಾಡಿಬಿಟ್ಟೆ. ಕೇಳಿದೆ. ಅವರು ಹೇಳಿದರು. ಬಹಳ ವರ್ಷಗಳ ಹಿಂದೆ ಅವರ ಗಂಡ ತೀರಿಕೊಂಡರು. ಮಣ್ಣು ಮಾಡಿ ಬಂದವರಿಗೆಲ್ಲ ಆವತ್ತು ಈ ಮನೆಯಲ್ಲೇ ಊಟ. ಆಮೇಲೆ ಕೆಲವು ತಿಂಗಳಿಗೆ ಮಾಂಸದಂಗಡಿಯವನ ಹೆಂಡತಿ ಸಿಕ್ಕಿ, "ನಿನ್ನ ಮಗ ಹಾಡು ಕಟ್ಟಿದ್ದಾನೆ, ಗಂಡ ಸತ್ತ ದಿನ ನೀನು ಕಣ್ಣೀರು ಹಾಕದೆ ಆಲೂಗಡ್ಡೆ ಹೆಚ್ಚುತ್ತ ನಿಂತಿದ್ದೆ ಅಂತ ಅದರಲ್ಲಿದೆ" ಎಂದಳಂತೆ.

"ನೀವು ಆ ಹಾಡು ಕೇಳಿದ್ರಾ?"

"ಯಾಕೆ ಕೇಳಲಿ? ನನ್ನ ಮಗ ನನ್ನನ್ನು ಕಲ್ಲು ಅಂದುಕೊಂಡಿದ್ದಾನೆ. ಅದನ್ನು ಅವನ ಬಾಯಲ್ಲಿ, ಗಿಟಾರಿನ ಜೊತೆ ಕೇಳಬೇಕೆ?"

"ಅವನನ್ನು ಕೇಳಲಿಲ್ವಾ?"

ಜೀನಮ್ಮ ತಲೆಯಾಡಿಸಿದರು. ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅಷ್ಟು ವರ್ಷವೂ ಒಂದೇ ಮೇಜಿನಲ್ಲಿ ಊಟ ಮಾಡಿದ್ದಾರೆ. ನಮ್ಮ ಕಡೆ ಆಗಿದ್ದರೆ ಅಮ್ಮ ಮಗ ಬೀದಿಗೆ ಕೇಳುವ ಹಾಗೆ ಕಿತ್ತಾಡಿ, ನೆಂಟರೆಲ್ಲ ಬಂದು ಸೇರಿ, ವಾರದೊಳಗೆ ಯಾರಾದರೊಬ್ಬರು ಅತ್ತು ಮುಗಿಯುತ್ತಿತ್ತು. ಇಲ್ಲಿ ಕಾರಿನ ಗಾಜು ಮೇಲೆ ಮಾಡಿಕೊಂಡು ಕೂತಿದ್ದರು.

ಸಂಜೆ ನೀಲ್ ಪಾತ್ರೆ ತೊಳೆಯುವಾಗ ಅವನ ಬಳಿ ಮೆಲ್ಲಗೆ ಆ ಮಾತೆತ್ತಿದೆ. ಅವನು ಬಹಳ ಹೊತ್ತು ಒಂದೇ ತಟ್ಟೆ ಉಜ್ಜಿದ.

"ಆ ಹಾಡು ಆಗ ಸರಿಯಾಗಿ ಬರಲಿಲ್ಲ. ಅದೊಂದು ಬರಲಿಲ್ಲ ಅಂತಲೇ ಮಿಕ್ಕವೆಲ್ಲ ಬರ್ತಾ ಇವೆ ಅನಿಸುತ್ತೆ. ಶನಿವಾರಕ್ಕೆ ಹೊಸದಾಗಿ ಬರೆದಿದ್ದೇನೆ. ಅಮ್ಮ ಬರೋಲ್ಲ. ಬರದಿದ್ದರೇ ಧೈರ್ಯ."

ಅಂದರೆ ಅವನು ಆ ಹಾಡನ್ನು ಒಂದೇ ಒಂದು ಸಲ, ಯಾರಿಗಾಗಿ ಬರೆದನೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಕೇಳಿಸುವವನಿದ್ದ. ಇಷ್ಟು ಓದಿಕೊಂಡವರಿಗೆ ಇಷ್ಟು ಬುದ್ಧಿ ಎಲ್ಲಿಂದ ಬರುತ್ತದೋ!

ರಾತ್ರಿ ನಮ್ಮವರಿಗೆ ಎಲ್ಲ ಹೇಳಿದೆ. "ಹೆಂಗಾದ್ರೂ ಮಾಡಿ ಆಯಮ್ಮನ್ನ ಕರ್ಕೊಂಡೋಗಣ" ಎಂದರು. ಹೇಗೆ ಎಂದು ಮಾತ್ರ ಹೇಳಲಿಲ್ಲ, ಗೊರಕೆ ಶುರುವಾಯಿತು. ಇಂಥ ಹೊತ್ತಿಗೆ ನಮ್ಮ ಮೇಲೂರಿನ ಹೆಂಗಸರ ಬಳಿ ಒಂದು ಹಳೆಯ ಆಯುಧವಿದೆ. ಶುಕ್ರವಾರ ಬೆಳಗ್ಗೆ ಅದನ್ನು ತೆಗೆದೆ.

"ಜೀನಮ್ಮ, ನೀವು ಬರದಿದ್ದರೆ ನಾವೂ ಹೋಗೋಲ್ಲ. ನೀವು ಬರ್ತೀನಿ ಅನ್ನೋವರೆಗೂ ನಾನು ಊಟ ಮಾಡೋಲ್ಲ."

ಅವರು ನಗುತ್ತಾ ತಟ್ಟೆಯಿಟ್ಟರು. ನಾನು ತಟ್ಟೆ ಸರಿಸಿದೆ. ಮಧ್ಯಾಹ್ನ ಮತ್ತೆ ಇಟ್ಟರು, ಮತ್ತೆ ಸರಿಸಿದೆ. ಮನೆಗೆ ಬಂದ ವಿದೇಶದ ಅತಿಥಿ ಉಪವಾಸ ಬಿದ್ದರೆ ಕ್ಲಬ್ಬಿನವರಿಗೆ ಏನು ಉತ್ತರ ಕೊಡುವುದು ಎನ್ನುವ ಗಾಬರಿ ಅವರ ಮುಖದಲ್ಲಿ ನಿಧಾನಕ್ಕೆ ಏರುತ್ತಿರುವುದು ಕಾಣಿಸಿತು. ಸಂಜೆಯೂಟದ ಹೊತ್ತಿಗೆ "ಸರಿ, ಬಾಗಿಲ ಹತ್ತಿರದ ಕುರ್ಚಿ ಮಾತ್ರ" ಎಂದು ಸೋತರು. ಆವತ್ತು ಆಲೂಗಡ್ಡೆಯೂ ರುಚಿಯಾಗಿತ್ತು. ನಮ್ಮವರು ಮಧ್ಯಾಹ್ನ ಯಾರಿಗೂ ಕಾಣದಂತೆ ನನಗೆ ತಂದುಕೊಟ್ಟ ಚಕ್ಕುಲಿಯ ಸುದ್ದಿಯನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಶನಿವಾರ, ಗ್ರಂಥಾಲಯದ ಮಹಡಿ

ನಮ್ಮವರು ರೇಷ್ಮೆ ಪಂಚೆ, ರೇಷ್ಮೆ ಶರಟು ಹಾಕಿ, ಶಾಲೊಂದನ್ನು ಹೆಗಲಿಗೇರಿಸಿ ಹೊರಟರು. ಮಹಡಿಯಲ್ಲಿ ಪುಸ್ತಕದ ಬೀರುಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ಪರದೆ ಇಲ್ಲ, ಸೀನರಿ ಇಲ್ಲ, ಹಾರ್ಮೋನಿಯಂ ಮೇಷ್ಟ್ರು ಇಲ್ಲ. ಒಂದು ಮಣೆಯಷ್ಟು ಎತ್ತರದ ವೇದಿಕೆ, ಒಂದು ಮೈಕು, ನೀಲ್. ಬಂದಿದ್ದವರು ಒಂದು ಬಸ್ಸಿನ ಅರ್ಧದಷ್ಟು ಜನ. ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡುತ್ತ ಕೂತಿದ್ದರು. ಹಾಡು ಮುಗಿದರೆ ಸೊಳ್ಳೆ ಹೊಡೆದ ಹಾಗೆ ನಾಲ್ಕು ಚಪ್ಪಾಳೆ, ಮತ್ತೆ ಬೂಟು.

"ಯಾರಾದ್ರೂ ಸತ್ತವ್ರಾ?" ಎಂದು ನಮ್ಮವರು ನನ್ನ ಕಿವಿಯಲ್ಲಿ ಕೇಳಿದರು.

ನಾವು ಮುಂದಿನ ಸಾಲು. ಜೀನಮ್ಮ ಹೇಳಿದ ಹಾಗೆಯೇ ಹಿಂದೆ, ಬಾಗಿಲ ಪಕ್ಕ. ಅವರು ಬಂದದ್ದು ನೀಲ್‌ಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ, ಕನ್ನಡಕ ತೆಗೆದಿಟ್ಟು ಹಾಡುವವನು ಅವನು. ರಾಜ ಹೋದ, ಪಾದ್ರಿ ಹೋದ, ಕಡಲ ದೀಪಸ್ತಂಭ ಕಾಯುವ ಒಬ್ಬ ಕುಡುಕ ಬಂದು ಹೋದ. ಆಮೇಲೆ ನೀಲ್ ಗಂಟಲು ಸರಿಮಾಡಿಕೊಂಡು "ಇದು ಹೊಸದು" ಎಂದ. ಮೊದಲ ಸಾಲಿನಲ್ಲೇ ಅಮ್ಮ ಬಂದಳು, ಅಡುಗೆಮನೆ ಬಂತು, ಅಪ್ಪನ ಖಾಲಿ ಕುರ್ಚಿ ಬಂತು. ನಾನು ತಿರುಗಿ ನೋಡಿದೆ. ಜೀನಮ್ಮ ಕೈಚೀಲ ಎತ್ತಿಕೊಂಡು ಎದ್ದು ಹೊರಗೆ ಹೋಗುತ್ತಿದ್ದರು.

ಎದ್ದು ಹಿಂದೆ ಹೋಗಬೇಕಿತ್ತು. ಆದರೆ ಹಾಡು ನನ್ನನ್ನು ಹಿಡಿದು ಕೂರಿಸಿತು. ಈ ಹಾಡಿನಲ್ಲಿ ಲ್ಯಾಟಿನ್ ಇರಲಿಲ್ಲ, ರಾಜರಿರಲಿಲ್ಲ. ಮಣ್ಣು ಮಾಡಿ ಬಂದ ಊರಿಗೆಲ್ಲ ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆದು ಬೇಯಿಸುತ್ತಾಳೆ. ಅತ್ತವರಿಗೆಲ್ಲ ಬಡಿಸುತ್ತಾಳೆ. ತನ್ನ ಅಳುವನ್ನಿಡಲು ಒಲೆಯ ಮೇಲೆ ಅವಳಿಗೊಂದು ಜಾಗ ಖಾಲಿಯಿಲ್ಲ. ಮಗ ಕೂತು ತಿನ್ನುತ್ತಾನೆ, ಇನ್ನಷ್ಟು ಹಾಕು ಎನ್ನುತ್ತಾನೆ, ತಿನ್ನುವುದೇ ದುಃಖ ಅಂದುಕೊಂಡಿರುತ್ತಾನೆ. ಅವಳು ತಟ್ಟೆ ತುಂಬುತ್ತಾಳೆ. ಕಲ್ಲು ಅಂದವರು ಯಾರು? ಮಗನಂತೂ ಅಂದಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಕೇಳಬೇಕಾದವರು ಹೊರಗಿದ್ದಾರಲ್ಲ ಎಂದು ಸಂಕಟವಾಯಿತು. ಹಾಡು ಮುಗಿಯಿತು. ಸೊಳ್ಳೆ ಚಪ್ಪಾಳೆ.

ಇಲ್ಲಿ ನಮ್ಮ ಕಡೆಯ ನಾಟಕದ ಪದ್ಧತಿಯೊಂದನ್ನು, ನೋಡಿರದವರಿಗಾಗಿ, ಹೇಳಬೇಕು. ಒಳ್ಳೆಯ ಹಾಡು ಬಂತೆಂದರೆ ಕೂತವರಲ್ಲಿ ಯಾರಾದರೂ ಎದ್ದು ಸೀದಾ ರಂಗಕ್ಕೆ ಹೋಗುತ್ತಾರೆ. ರಾಜ ಯುದ್ಧದ ನಡುವಿರಲಿ, ರಾಣಿ ಸಾಯುತ್ತಿರಲಿ, ಎಲ್ಲ ಅಲ್ಲಲ್ಲೇ ನಿಲ್ಲುತ್ತದೆ. ಹೋದವರು ಪಾತ್ರಧಾರಿಗೆ ಶಾಲು ಹೊದಿಸಿ, ಎದೆಗೆ ನೋಟು ಚುಚ್ಚಿ, ಮೈಕು ತೆಗೆದುಕೊಂಡು ತಮ್ಮ ಹೆಸರು, ಊರು, ಇದ್ದರೆ ಅಂಗಡಿಯ ಹೆಸರು ಹೇಳಿ "ಒನ್ಸ್ ಮೋರ್" ಎನ್ನುತ್ತಾರೆ. ಮತ್ತೆ ಹಾಡು ಶುರುವಾಗುವವರೆಗೂ ಇಳಿಯುವುದಿಲ್ಲ. ಸಾಯುತ್ತಿದ್ದ ರಾಣಿ ಎದ್ದು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯುತ್ತಾಳೆ. ಇದು ನಮ್ಮಲ್ಲಿ ಮರ್ಯಾದೆ.

ನಮ್ಮವರಿಗೆ ಖುಷಿ ಬಂದರೆ ತೆಲುಗು ಬರುತ್ತದೆ. "ಅಬ್ಬಬ್ಬಾ, ಏಮಿ ಪಾಟಯ್ಯಾ!" (ಎಂಥಾ ಹಾಡಯ್ಯಾ!) ಎನ್ನುತ್ತ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಕಿತ್ತುಕೊಂಡರು. ಶರಟಿನ ಗುಂಡಿ ಹೋಗಿರಬೇಕೆಂದು ನಾನು ಸುಮ್ಮನಿದ್ದೆ. ನೋಡಿದರೆ ಇವರು ವೇದಿಕೆಯ ಮೇಲೆ! ನೀಲ್‌ಗೆ ಶಾಲು ಹೊದಿಸಿಯಾಗಿತ್ತು. ಅವನ ತೂತಿನ ಸ್ವೆಟರಿಗೆ ನಮ್ಮ ನೂರರ ನೋಟೊಂದನ್ನು ಚುಚ್ಚುತ್ತಿದ್ದರು. ಅವನು ಕೊಲೆಗಾರನನ್ನು ಕಂಡವನಂತೆ ಗಿಟಾರನ್ನು ಅಡ್ಡ ಹಿಡಿದುಕೊಂಡಿದ್ದ. ನಮ್ಮವರು ಮೈಕು ಹಿಡಿದರು.

"ಐ ಆಮ್ ಮುನಿರಾಜಪ್ಪ, ಮಂಚೇನಹಳ್ಳಿ, ಗೌರಿಬಿದನೂರು ತಾಲ್ಲೂಕು" ಎಂದು ಶುರು ಮಾಡಿ, ಅಂಗಡಿಯ ಹೆಸರು, ಸಿಗುವ ಗೊಬ್ಬರಗಳನ್ನೂ ಬಿಡದೆ ಹೇಳಿ, "ಸೂಪರ್ ಸಾಂಗ್. ಒನ್ಸ್ ಮೋರ್!" ಎಂದು ಗುಡುಗಿದರು.

ಬೂಟು ನೋಡುತ್ತಿದ್ದವರೆಲ್ಲ ತಲೆಯೆತ್ತಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನೀಲ್ ತೊದಲುತ್ತ, ತಾನು ಒಂದು ಹಾಡನ್ನು ಎರಡು ಸಲ ಹಾಡುವುದಿಲ್ಲ ಎಂದ.

"ನೋ ಪ್ರಾಬ್ಲಂ" ಎಂದರು ನಮ್ಮವರು. "ಒನ್ಸ್ ಮೋರ್." ಕೈಕಟ್ಟಿ ಅಲ್ಲೇ ನಿಂತರು. ಗದೆಯ ಪಾತ್ರ ಅದೇ ಭಂಗಿಯಲ್ಲಿ ಅರ್ಧ ಗಂಟೆ ನಿಂತದ್ದನ್ನು ನಾನು ನೋಡಿದ್ದೇನೆ.

ಆಗ ನನ್ನ ತಲೆ ಓಡಿತು. ಇವರು ಇಳಿಯುವುದಿಲ್ಲ, ಅಂದರೆ ನನಗೆ ಸಮಯವಿದೆ. ಸೀರೆ ಎತ್ತಿಕೊಂಡು ಹೊರಗೋಡಿದೆ. ಜೀನಮ್ಮ ಮೆಟ್ಟಿಲ ಹತ್ತಿರ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಜೀನಮ್ಮ, ಬೇಗ ಬನ್ನಿ! ನಮ್ಮ ಯಜಮಾನರು ನಿಮ್ಮ ಮಗನಿಗೆ ಪಿನ್ನು ಚುಚ್ಚಿದಾರೆ!"

"ಏನು? ಎಲ್ಲಿಗೆ?"

"ಎದೆಗೆ!"

ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಎಪ್ಪತ್ತು ದಾಟಿದ ಆ ಹೆಂಗಸು ನನ್ನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದರು. ಕುರ್ಚಿಗಳ ನಡುವಿನ ದಾರಿಯಲ್ಲಿ ಅರ್ಧಕ್ಕೆ ಬಂದು ನಿಂತರು. ಮಗನ ಮೈಮೇಲೆ ಜರಿಯಂಚಿನ ಶಾಲು, ಎದೆಯ ಮೇಲೆ ನೋಟು, ಪಕ್ಕದಲ್ಲಿ ಪಂಚೆಯುಟ್ಟ ನಮ್ಮವರು. ಜೀನಮ್ಮನ ಬಾಯಿಂದ ಅಷ್ಟು ದಿನ ಕೇಳದಿದ್ದ ಒಂದು ದೊಡ್ಡ ನಗು ಬಂತು. ನೀಲ್ ಆ ನಗುವನ್ನು ಗುರುತು ಹಿಡಿದ. ತಡಕಾಡಿ ಕನ್ನಡಕ ಹಾಕಿಕೊಂಡ. ಅಮ್ಮನನ್ನು ನೋಡಿದ.

ಆಮೇಲೆ ಅವನು ಗಿಟಾರು ಸರಿಮಾಡಿಕೊಂಡು ಹಾಡು ಶುರು ಮಾಡಿದ. ಅದೇ ಹಾಡು, ಎರಡನೇ ಸಲ. ನಮ್ಮವರು ಕೈಮುಗಿದು ಕೆಳಗಿಳಿದು ಗೋಡೆಗೆ ಒರಗಿದರು. ಜೀನಮ್ಮ ದಾರಿಯ ಮಧ್ಯೆ, ಕೈಚೀಲವನ್ನು ಎದೆಗೊತ್ತಿಕೊಂಡು, ನಿಂತೇ ಕೇಳಿದರು. ಓಡಿಹೋದಾರು ಎಂದು ನಾನು ಅವರ ಕೋಟಿನ ಹಿಂಭಾಗ ಹಿಡಿದುಕೊಂಡಿದ್ದೆ. ಒಲೆಯ ಸಾಲು ಬಂದಾಗ ಆ ಬೆನ್ನು ನಡುಗಿದ್ದು ನನ್ನ ಕೈಗೆ ತಿಳಿಯಿತು.

ಹಾಡು ಮುಗಿದಾಗ ಸೊಳ್ಳೆ ಚಪ್ಪಾಳೆಯೂ ಬರಲಿಲ್ಲ. ನೀಲ್ ಅಮ್ಮನನ್ನೇ ನೋಡುತ್ತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ನನ್ನ ಹತ್ತನೇ ತರಗತಿಯವರ ಮುಖ.

"ತಪ್ಪಾಗಿದೆ" ಎಂದರು ಜೀನಮ್ಮ.

ಹಿಡಿದಿದ್ದ ಕೋಟನ್ನು ನಾನು ಬಿಟ್ಟುಬಿಟ್ಟೆ.

"ಆಲೂಗಡ್ಡೆ ಸಿಪ್ಪೆ ತೆಗೆದದ್ದು ನಾನಲ್ಲ. ನನ್ನ ಕೈಯಲ್ಲಿ ಚಾಕು ನಿಲ್ಲುತ್ತಿರಲಿಲ್ಲ. ನೀನು ಬಂದು ಕಿತ್ತುಕೊಂಡೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದೆ. ಅಷ್ಟೂ ಸಿಪ್ಪೆ ನೀನೇ ತೆಗೆದೆ. ಕೆಟ್ಟದಾಗಿ ತೆಗೆದೆ, ಅರ್ಧ ಆಲೂಗಡ್ಡೆ ಸಿಪ್ಪೆಯ ಜೊತೆಗೇ ಹೋಯಿತು."

ನೀಲ್ ಬಾಯಿ ತೆರೆದ. "ನಾನಾ?"

"ನೀನೇ. ಇನ್ಯಾರು?"

"ನನಗೆ ನೆನಪಿಲ್ಲ" ಎಂದ ಅವನು. ಶಾಲಿನ ಜರಿಯಂಚಿನಿಂದ ಮುಖ ಒರೆಸಿಕೊಂಡ. "ನಾನು ಬರೀ ತಿಂದದ್ದೇ ನೆನಪು." ಆಮೇಲೆ ಮೈಕು ಮರೆತು, ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಹೇಳಿದ: "ಹಾಗಾದರೆ ಹಾಡು ತಿದ್ದಬೇಕಮ್ಮ. ಹೊತ್ತು ಹಿಡಿಯುತ್ತೆ."

ಜೀನಮ್ಮ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ನಡೆದು ಬಂದು ಮುಂದಿನ ಸಾಲಿನಲ್ಲಿ ನಮ್ಮವರು ಬಿಟ್ಟೆದ್ದ ಕುರ್ಚಿಯಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

"ತಿದ್ದು" ಎಂದರು. "ನನಗೇನೂ ಅವಸರವಿಲ್ಲ."